ಕಾಂಪೌಂಡ್ ಗೋಡೆಯಿಂದ ಶುರು ಮಾಡಿ: ಮನೆ ಹತ್ತಿರದ ಓತಿ, ಹಲ್ಲಿ, ಹಾವುಗಳ ಫೋಟೊ

ಸರೀಸೃಪಗಳ ಫೋಟೊ ಅಂದ ಕೂಡಲೇ ತಲೆಗೆ ಬರುವುದು ದಟ್ಟ ಕಾಡು, ಜಿಗಣೆ, ಮಾರುದ್ದದ ಲೆನ್ಸು. ಕಾಡಿಗೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಇವತ್ತಿನ ಮಾತು ಕಾಂಪೌಂಡ್ ಗೋಡೆ, ಹೂವಿನ ಕುಂಡ, ಪಕ್ಕದ ಖಾಲಿ ಸೈಟು, ಬೇಲಿ, ಮೋರಿ ಇಷ್ಟರ ಬಗ್ಗೆ ಮಾತ್ರ. ಅದಕ್ಕೆ ಕಾರಣ ಇದೆ. ಕಾಡಿನಲ್ಲಿ ಸಿಗುವ ಓತಿಯನ್ನು ನೀವು ಒಂದು ಸಲ ನೋಡುತ್ತೀರಿ, ಸಿಕ್ಕಿದ್ದೇ ಪುಣ್ಯ ಅಂತ ಎರಡು ನಿಮಿಷದಲ್ಲಿ ಅದರ ಮೂತಿಯ ಫೋಟೊ ಹೊಡೆದು ಮುಂದೆ ಹೋಗುತ್ತೀರಿ. ಮನೆ ಹತ್ತಿರದ ಓತಿ ನಾಳೆಯೂ ಅದೇ ಗೋಡೆಯ ಮೇಲಿರುತ್ತದೆ. ಅದು ಎಷ್ಟು ಹೊತ್ತಿಗೆ ಬರುತ್ತದೆ, ಯಾರ ಜೊತೆ ಜಗಳಕ್ಕೆ ನಿಲ್ಲುತ್ತದೆ, ಎಲ್ಲಿ ಮಲಗುತ್ತದೆ ಎಲ್ಲವೂ ನಿಧಾನವಾಗಿ ತಿಳಿಯುತ್ತದೆ. ನೀವು ಇದ್ದರೂ ತನ್ನ ಪಾಡಿಗೆ ತಾನು ಇರುವ ಪ್ರಾಣಿಯ ಫೋಟೊ ನನಗೆ ಬೇಕು. ನಿಮಗೆ ಹೆದರಿ ನಿಂತ ಪ್ರಾಣಿಯ ಫೋಟೊ ಎಷ್ಟು ಚೂಪಾಗಿ ಬಂದಿದ್ದರೂ ಅದರಲ್ಲಿ ಕಾಣುವುದು ಹೆದರಿಕೆ ಒಂದೇ.

ಮೊದಲು ಬಿಸಿಲಿನ ವಿಷಯ. ಕ್ಯಾಮೆರಾ ಆಮೇಲೆ.

ಸರೀಸೃಪಗಳು ಮೈಯ ಶಾಖವನ್ನು ಹೊರಗಿನಿಂದ ಪಡೆಯುತ್ತವೆ. ನಮ್ಮ ಹಾಗೆ ತಿಂದ ಊಟವನ್ನು ಸುಟ್ಟು ಮೈ ಬಿಸಿ ಇಟ್ಟುಕೊಳ್ಳುವ ವ್ಯವಸ್ಥೆ ಅವಕ್ಕಿಲ್ಲ. ಇದೊಂದು ಗೊತ್ತಿದ್ದರೆ ಹುಡುಕುವ ಕೆಲಸದಲ್ಲಿ ಅರ್ಧ ಮುಗಿದ ಹಾಗೆ. ರಾತ್ರಿಯೆಲ್ಲ ತಣ್ಣಗಾದ ಓತಿ ಬೆಳಗ್ಗೆ ಎದ್ದ ಕೂಡಲೇ ಓಡಾಡುವುದಿಲ್ಲ. ಮೊದಲು ಬಿಸಿಲು ಬೀಳುವ ಜಾಗಕ್ಕೆ ಬಂದು ಕೂರುತ್ತದೆ. ಸರಿಯಾಗಿ ನೋಡಿದರೆ ಆಗ ಅದರ ಮೈ ಕಪ್ಪಗಿರುತ್ತದೆ, ಪಕ್ಕೆಗಳನ್ನು ಅಗಲ ಮಾಡಿ ಬಿಸಿಲಿಗೆ ಒಡ್ಡಿರುತ್ತದೆ. ಕಪ್ಪು ಮೈ ಶಾಖವನ್ನು ಬೇಗ ಹೀರುತ್ತದೆ. ಮೈ ಕಾದ ಹಾಗೆ ಬಣ್ಣ ತಿಳಿಯಾಗುತ್ತಾ ಬರುತ್ತದೆ, ತಲೆ ಮೇಲೇಳುತ್ತದೆ, ಆಮೇಲೆ ಬೇಟೆ, ಜಗಳ, ಓಡಾಟ ಶುರು. ಹಾಗಾಗಿ ಮೊದಲ ಬಿಸಿಲು ನಿಮ್ಮ ಗೋಡೆಯ ಯಾವ ಮೂಲೆಗೆ ಬೀಳುತ್ತದೆ ಅಂತ ನೋಡಿಕೊಳ್ಳಿ. ಬೆಳಗ್ಗೆ ಏಳೂವರೆಯಿಂದ ಹತ್ತರವರೆಗೆ ಅಲ್ಲಿ ಕೂತರೆ ಸಾಕು. ನೆತ್ತಿ ಸುಡುವ ಹೊತ್ತಿಗೆ ಅವೂ ನೆರಳು ಸೇರಿರುತ್ತವೆ, ಬೆಳಕೂ ಫೋಟೊಕ್ಕೆ ಆಗಿಬರುವುದಿಲ್ಲ. ಸಂಜೆ ಇನ್ನೊಂದು ಅವಕಾಶ ಸಿಗುತ್ತದೆ, ಬೆಳಗಿನಷ್ಟು ಚೆನ್ನಾಗಿರುವುದಿಲ್ಲ. ಮೋಡ ಮುಸುಕಿದ ದಿನ ಓತಿ ಸಿಗುವುದು ಕಷ್ಟ. ಆದರೆ ಮಳೆ ನಿಂತು ಬಿಸಿಲು ಬಂದ ಮೊದಲ ಅರ್ಧ ಗಂಟೆಯನ್ನು ಮಾತ್ರ ಬಿಡಬೇಡಿ. ಅಲ್ಲಿಯವರೆಗೆ ಒಳಗಿದ್ದವೆಲ್ಲ ಒಟ್ಟಿಗೆ ಹೊರಗೆ ಬರುತ್ತವೆ.

ಇನ್ನು ಕಣ್ಣಿನ ಅಭ್ಯಾಸ. ಹೊಸದಾಗಿ ಶುರು ಮಾಡುವವರು ಇಡೀ ಪ್ರಾಣಿಯನ್ನು ಹುಡುಕುತ್ತಾರೆ. ಹಾಗೆ ಸಿಗುವುದು ಕಡಿಮೆ. ಗೋಡೆಯ ಅಂಚಿನ ಗೆರೆಯಲ್ಲಿ ಒಂದು ಸಣ್ಣ ಉಬ್ಬು, ಕೊಂಬೆಯ ತುದಿ ಇರಬೇಕಾದ್ದಕ್ಕಿಂತ ಸ್ವಲ್ಪ ದಪ್ಪ, ಒಣ ಎಲೆಗಳ ನಡುವೆ ಹೊಳೆಯುವ ಒಂದು ಪಟ್ಟಿ. ಇಂಥವನ್ನು ನೋಡಿ. ಒಂದು ಜಾಗದಲ್ಲಿ ನಿಂತು, ಹತ್ತಿರದಿಂದ ದೂರಕ್ಕೆ, ಎಡದಿಂದ ಬಲಕ್ಕೆ ನಿಧಾನವಾಗಿ ಕಣ್ಣು ಓಡಿಸಿ, ಆಮೇಲೆ ಹತ್ತು ಹೆಜ್ಜೆ ಮುಂದೆ ಹೋಗಿ ಮತ್ತೆ ಅದನ್ನೇ ಮಾಡಿ. ನಡೆಯುತ್ತಾ ನೋಡಿದರೆ ಸಿಗುವುದಕ್ಕಿಂತ ನಿಂತು ನೋಡಿದರೆ ಸಿಗುವುದು ಜಾಸ್ತಿ.

ಕಿವಿಗೂ ಕೆಲಸ ಕೊಡಿ. ಒಣ ಎಲೆಯಲ್ಲಿ ಚರಚರ ಅಂತ ತುಂಡು ತುಂಡಾಗಿ ಸದ್ದು ಬಂದರೆ ಅದು ಹಾವುರಾಣಿ ಇರಬಹುದು, ಎರಡು ಹೆಜ್ಜೆ ಓಡಿ ನಿಲ್ಲುತ್ತದೆ, ಮತ್ತೆ ಓಡುತ್ತದೆ. ಬಿಡದೆ ಎಳೆದ ಹಾಗೆ ಸದ್ದು ಬಂದರೆ ಹಾವು. ಎಲ್ಲಕ್ಕಿಂತ ಒಳ್ಳೆ ಸುಳಿವು ಕೊಡುವುದು ಹಕ್ಕಿಗಳು. ಹರಟೆಮಲ್ಲ, ಪಿಕಳಾರ, ಮೈನಾ ಹಕ್ಕಿಗಳೆಲ್ಲ ಒಂದೇ ಪೊದೆಯ ಸುತ್ತ ಸೇರಿ ಕೆಳಗೆ ನೋಡುತ್ತಾ ಕಿರುಚುತ್ತಿದ್ದರೆ, ಅಳಿಲು ಬಾಲ ಕುಣಿಸುತ್ತಾ ಬಿಡದೆ ಕೂಗುತ್ತಿದ್ದರೆ, ಅಲ್ಲಿ ಹಾವೋ, ಗೂಬೆಯೋ, ಬೆಕ್ಕೋ ಇದೆ ಅಂತ ಅರ್ಥ. ಓಡಿ ಹೋಗಬೇಡಿ. ದೂರದಲ್ಲೇ ನಿಂತು ಹಕ್ಕಿಗಳ ಕಣ್ಣು ಯಾವ ಕಡೆ ಇದೆ ಅಂತ ಗಮನಿಸಿ. ಹಾವು ಜಾಗ ಬದಲಿಸಿದ ಹಾಗೆ ಗುಂಪೂ ಜರುಗುತ್ತದೆ.

ಪ್ರಾಣಿ ಸಿಗದ ದಿನವೂ ಅದರ ಗುರುತು ಸಿಗುತ್ತದೆ. ಹಲ್ಲಿ, ಓತಿಗಳ ಹಿಕ್ಕೆ ಕಪ್ಪಗಿದ್ದು ತುದಿಯಲ್ಲಿ ಬೆಳ್ಳಗಿರುತ್ತದೆ, ಆ ಬಿಳಿ ಅಂದರೆ ಅವುಗಳ ಮೂತ್ರದ ಗಟ್ಟಿ ರೂಪ. ಮರದ ತೊಗಟೆ ಸಂದಿಯಲ್ಲೋ ಸ್ವಿಚ್ ಬೋರ್ಡ್ ಹಿಂದೆಯೋ ಬಟಾಣಿ ಗಾತ್ರದ ಬಿಳಿ ಮೊಟ್ಟೆ ಎರಡು ಜೊತೆಗಿದ್ದರೆ ಅದು ಹಲ್ಲಿಯದು. ಇನ್ನು ಹಾವಿನ ಪೊರೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಪೊರೆ ಕಂಡರೆ ಜನ ಕೋಲಿನಿಂದ ಎತ್ತಿ ಎಸೆಯುತ್ತಾರೆ, ಅದನ್ನು ಓದುವುದಿಲ್ಲ. ಹಾವು ಪೊರೆ ಬಿಡುವಾಗ ತುಟಿಯಿಂದ ಶುರುವಾಗಿ ಒಳಗಿನ ಭಾಗ ಹೊರಗೆ ಬರುವ ಹಾಗೆ ಕಳಚುತ್ತದೆ. ಕಣ್ಣಿನ ಮೇಲಿನ ಪಾರದರ್ಶಕ ಹುರುಪೆಯೂ ಅದರ ಜೊತೆಗೇ ಬರುತ್ತದೆ, ಹಾವಿಗೆ ರೆಪ್ಪೆ ಇಲ್ಲವಲ್ಲ. ಪೊರೆಯ ತಲೆ ಭಾಗ ಹರಿಯದೆ ಸಿಕ್ಕಿದರೆ ಬೆಳಕಿಗೆ ಹಿಡಿದು ನೋಡಿ. ತಲೆ ಮೇಲಿನ ದೊಡ್ಡ ಹುರುಪೆಗಳು, ತುಟಿಯ ಸಾಲು, ಬೆನ್ನಿನ ನಡು ಸಾಲು ಎಲ್ಲವೂ ಅಚ್ಚೊತ್ತಿದ ಹಾಗೆ ಇರುತ್ತವೆ. ಬೆನ್ನಿನ ನಡುವೆ ಉದ್ದಕ್ಕೂ ಆರು ಮೂಲೆಯ ಅಗಲವಾದ ಹುರುಪೆಗಳ ಒಂದು ಸಾಲು ಇದ್ದರೆ ಅಲ್ಲಿ ವಿಷದ ಕಟ್ಟು ಹಾವು ಓಡಾಡಿರಬಹುದು ಅಂತ ತಿಳಿಯಿರಿ. ನಿಮ್ಮ ಸುರಕ್ಷತೆಗೂ ಇದು ಬೇಕಾದ ಮಾಹಿತಿ. ಅದರ ಉದ್ದ ನಂಬಬೇಡಿ, ಪೊರೆ ಕಳಚುವಾಗ ಹಿಗ್ಗುತ್ತದೆ.

ಮನೆ ಸುತ್ತ ಯಾರ್ಯಾರು ಇರುತ್ತಾರೆ? ಹಲ್ಲಿಯಿಂದ ಶುರು ಮಾಡೋಣ. ಹೊರಗಿನ ದೀಪದ ಕೆಳಗೆ ಸಂಜೆ ಏಳರಿಂದ ಒಂದು ಗಂಟೆ ಕೂತು ನೋಡಿ. ಎಲ್ಲ ಹಲ್ಲಿಗಳೂ ಒಂದೇ ಅಂದುಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತದೆ. ಕೆಲವುದರ ಬೆನ್ನು ನುಣುಪು, ಕೆಲವುದರ ಬೆನ್ನಿನ ತುಂಬ ಸಣ್ಣ ಗುಳ್ಳೆಗಳು. ದೀಪದ ಹತ್ತಿರದ ಜಾಗ ದೊಡ್ಡದಕ್ಕೆ, ಅಂಚಿನ ಜಾಗ ಚಿಕ್ಕದಕ್ಕೆ. ಬಾಲವನ್ನು ಗಮನಿಸಿ. ಮಧ್ಯದಲ್ಲಿ ತಟ್ಟನೆ ಬಣ್ಣ ಬದಲಾಗಿ ಮುಂದೆ ನಯವಾಗಿದ್ದರೆ ಅದು ಒಮ್ಮೆ ಕಳಚಿ ಮತ್ತೆ ಬೆಳೆದ ಬಾಲ. ಹೊಸ ಬಾಲದೊಳಗೆ ಬೆನ್ನುಮೂಳೆಯ ಮಣಿಗಳು ಇರುವುದಿಲ್ಲ, ಮೃದ್ವಸ್ಥಿಯ ಒಂದು ಕೊಳವೆ ಇರುತ್ತದೆ. ಒಂದೊಂದು ಹಲ್ಲಿಯನ್ನೂ ಬೇರೆ ಬೇರೆಯಾಗಿ ಗುರುತು ಹಿಡಿಯಲು ಈ ಬಾಲ ಸಾಕು.

ಹೂವಿನ ಕುಂಡ ಎತ್ತಿದಾಗ ಎರೆಹುಳುವಿನಂಥ ಕಪ್ಪು ಮಿರುಗುವ ಒಂದು ಜೀವಿ ಸರಸರ ಮಣ್ಣೊಳಗೆ ನುಗ್ಗುವುದನ್ನು ಕಂಡಿದ್ದೀರಾ? ಮೈ ಮೇಲೆ ಉಂಗುರಗಳಿಲ್ಲ, ಒಂದು ಗೇಣಿಗಿಂತ ಉದ್ದ ಇರುವುದಿಲ್ಲ, ಹತ್ತಿರ ನೋಡಿದರೆ ಪುಟ್ಟ ನಾಲಿಗೆ ಹೊರಗೆ ಬಂದು ಹೋಗುತ್ತದೆ. ಅದು ಹುಳ ಹಾವು. ಕಣ್ಣು ಅಂದರೆ ಹುರುಪೆಯ ಕೆಳಗಿನ ಎರಡು ಚುಕ್ಕೆ. ತಿನ್ನುವುದು ಇರುವೆ, ಗೆದ್ದಲಿನ ಮೊಟ್ಟೆ ಮರಿ. ಈ ಜಾತಿಯಲ್ಲಿ ಗಂಡೇ ಇಲ್ಲ, ಎಲ್ಲವೂ ಹೆಣ್ಣು. ಗಂಡಿನ ನೆರವಿಲ್ಲದೆ ಮೊಟ್ಟೆ ಇಟ್ಟು ಮರಿ ಮಾಡುತ್ತವೆ. ಹೀಗಾಗಿ ಗಿಡದ ಕುಂಡದ ಮಣ್ಣಿನಲ್ಲಿ ಒಂದೇ ಒಂದು ಹಾವು ದೂರದ ದೇಶಕ್ಕೆ ಹೋದರೂ ಸಾಕು, ಅಲ್ಲಿ ಸಂಸಾರ ಬೆಳೆಯುತ್ತದೆ. ಏಷ್ಯಾದ ಈ ಪುಟಾಣಿ ಹಾವು ಹೀಗೆ ಕುಂಡಗಳ ಜೊತೆ ಪ್ರಯಾಣ ಮಾಡಿ ಅಂಟಾರ್ಟಿಕಾ ಒಂದು ಬಿಟ್ಟು ಉಳಿದೆಲ್ಲ ಖಂಡಗಳನ್ನೂ ಮುಟ್ಟಿದೆ. ಜಗತ್ತನ್ನೇ ಸುತ್ತಿದ ಹಾವು ನಿಮ್ಮ ಕುಂಡದ ಕೆಳಗಿದೆ ಅಂದರೆ ಫೋಟೊ ತೆಗೆಯದೆ ಇರುವುದು ಹೇಗೆ ಹೇಳಿ?

ಹಾವುರಾಣಿಯನ್ನು ಕಂಡರೆ ಸುಮ್ನೆ ಹೆದರುತ್ತಾರೆ. ಅದಕ್ಕೆ ವಿಷ ಇಲ್ಲ. ಬಿಸಿಲಿನಲ್ಲಿ ಅದರ ಕಂಚು ಬಣ್ಣದ ಹುರುಪೆ ಹೊಳೆಯುವುದನ್ನು ಒಮ್ಮೆ ನೋಡಿದರೆ ಮತ್ತೆ ಮತ್ತೆ ನೋಡಬೇಕು ಅನ್ನಿಸುತ್ತದೆ. ಬಂಡೆ ಇರುವ ಜಾಗ ಹತ್ತಿರ ಇದ್ದರೆ ಬಂಡೆ ಓತಿ ಸಿಗುತ್ತದೆ. ಹೆಣ್ಣು ಕಲ್ಲಿನದೇ ಬಣ್ಣ, ಗಂಡು ಮಾತ್ರ ಕೂಡುವ ಕಾಲದಲ್ಲಿ ಬೆನ್ನು ಕೆಂಪು, ಪಕ್ಕೆ ಕಪ್ಪು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಓತಿಯ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಗಂಡು ತನ್ನ ಎದುರು ಹೆಣ್ಣು ಬಂದರೆ ಒಂದು ಥರ ಬಣ್ಣ ತೋರುತ್ತದೆ, ಇನ್ನೊಂದು ಗಂಡು ಬಂದರೆ ಬೇರೆ ಥರ. ಹೆಣ್ಣಿನ ಎದುರು ಬಣ್ಣಗಳು ಎದ್ದು ಕಾಣುವುದು ಮುಖ್ಯ, ಗಂಡಿನ ಎದುರು ಬೇಗ ಬದಲಾಗುವುದು ಮುಖ್ಯ ಅಂತ ಅವರು ಕಂಡುಕೊಂಡರು. ಇದನ್ನು ಯಾಕೆ ಹೇಳಿದೆ ಅಂದರೆ, ನಿಮ್ಮ ಫೋಟೊದಲ್ಲಿ ಬಂದ ಬಣ್ಣಕ್ಕೂ ಆ ಹೊತ್ತಿಗೆ ಸುತ್ತ ಯಾರಿದ್ದರು ಅನ್ನುವುದಕ್ಕೂ ಸಂಬಂಧ ಇದೆ. ಒಂದು ಓತಿಯ ಮೂತಿಗೆ ಕ್ಯಾಮೆರಾ ಹಿಡಿದು ಕೂರುವ ಬದಲು ಸ್ವಲ್ಪ ಹಿಂದೆ ಸರಿದು ಎರಡನ್ನೂ ಚೌಕಟ್ಟಿನೊಳಗೆ ತನ್ನಿ. ನಮ್ಮ ಬೇಲಿಯ ಮಾಮೂಲಿ ಓತಿಯೂ ಅಷ್ಟೇ. ಗಂಡಿನ ತಲೆ, ಗಂಟಲು ಕೆಂಪಾಗಿ, ಮುಂಗಾಲಿನ ಮೇಲೆ ಮೈ ಎತ್ತಿ ಇಳಿಸಿ ಎತ್ತಿ ಇಳಿಸಿ ಮಾಡುತ್ತಿದ್ದರೆ ಅದು ಯಾರಿಗೋ ಏನೋ ಹೇಳುತ್ತಿದೆ. ಆ ಯಾರೋ ಎಲ್ಲಿದ್ದಾರೆ ಅಂತ ಹುಡುಕಿ. ಹೆಣ್ಣು ಮೆತ್ತನೆ ಮಣ್ಣಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತದೆ, ಮಣ್ಣು ಮುಚ್ಚಿ ಮೂತಿಯಿಂದ ಒತ್ತಿ ಒತ್ತಿ ಗಟ್ಟಿ ಮಾಡುತ್ತದೆ. ಅದು ಕಣ್ಣಿಗೆ ಬಿದ್ದರೆ ಇದ್ದಲ್ಲೇ ಕೂತುಬಿಡಿ, ಒಂದು ಹೆಜ್ಜೆಯೂ ಮುಂದೆ ಇಡಬೇಡಿ. ಅರ್ಧಕ್ಕೆ ಬಿಟ್ಟು ಹೋದರೆ ನಷ್ಟ ಅದರದ್ದು.

ಈಗ ಹತ್ತಿರ ಹೋಗುವ ವಿಷಯ. ಇದನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ ಅನ್ನುವುದು ನನ್ನ ದೂರು, ಎಲ್ಲರೂ ಲೆನ್ಸಿನ ಬಗ್ಗೆ ಮಾತಾಡುತ್ತಾರೆ.

ಪ್ರತಿ ಪ್ರಾಣಿಗೂ ಒಂದು ಗೆರೆ ಇದೆ. ಆ ಗೆರೆ ದಾಟಿದರೆ ಅದು ಓಡುತ್ತದೆ. ಓಡುವುದಕ್ಕೆ ಮೊದಲು ಅದು ಒಂದಷ್ಟು ಸೂಚನೆ ಕೊಟ್ಟಿರುತ್ತದೆ. ಓತಿ ಮಾಡುತ್ತಿದ್ದ ಕೆಲಸ ನಿಲ್ಲಿಸುತ್ತದೆ, ಮೈ ಕೆಳಗೆ ಒತ್ತುತ್ತದೆ, ಕಾಂಡದ ಆ ಬದಿಗೆ ನಿಧಾನವಾಗಿ ಜಾರಿ ಒಂದು ಕಣ್ಣಲ್ಲಿ ನಿಮ್ಮನ್ನು ನೋಡುತ್ತದೆ. ಅಲ್ಲಿಗೆ ನಿಲ್ಲಿ. ಅದು ಮತ್ತೆ ತಲೆ ಎತ್ತಿ, ಇರುವೆಯನ್ನೋ ಮಿಡತೆಯನ್ನೋ ನೋಡಲು ಶುರು ಮಾಡುವವರೆಗೆ ಅಲ್ಲಾಡಬೇಡಿ. ಹಾಗೆ ಶುರು ಮಾಡಿದರೆ ನಿಮ್ಮನ್ನು ಒಪ್ಪಿಕೊಂಡಿದೆ ಅಂತ ಅರ್ಥ. ಆಗ ಒಂದು ಹೆಜ್ಜೆ, ಮತ್ತೆ ಕಾಯುವುದು. ನೇರವಾಗಿ ಅದರ ಕಡೆಗೇ ನಡೆದರೆ ಬೇಟೆಗೆ ಬಂದವರ ಹಾಗೆ ಕಾಣುತ್ತೀರಿ, ಓರೆಯಾಗಿ ಎಲ್ಲಿಗೋ ಹೋಗುವವರ ಹಾಗೆ ಹೋಗಿ. ಕೂತುಕೊಂಡು ಜರುಗಿದರೆ ಇನ್ನೂ ಒಳ್ಳೆಯದು. ನಿಮ್ಮ ನೆರಳು ಅದರ ಮೇಲೆ ಬೀಳದಿರಲಿ, ಮೇಲಿನಿಂದ ಬೀಳುವ ನೆರಳು ಅಂದರೆ ಅದಕ್ಕೆ ಹದ್ದು. ಕೈಯನ್ನು ಥಟ್ಟನೆ ಎತ್ತಬೇಡಿ, ಕ್ಯಾಮೆರಾ ಮೊದಲೇ ಕಣ್ಣಿನ ಹತ್ತಿರ ಇರಲಿ. ಮಾತಾಡಿದರೆ ಅಷ್ಟೇನೂ ತೊಂದರೆ ಇಲ್ಲ. ನೆಲ ಅದುರುವ ಹಾಗೆ ಕಾಲಿಟ್ಟರೆ ತೊಂದರೆ.

ಹಾವುಗಳ ಸೂಚನೆ ಬೇರೆ. ಬಿದಿರಿನ ಎಲೆಯಂಥ ಹಸಿರು ಹಾವು ಪೊದೆಯಲ್ಲಿ ಸಿಕ್ಕಿದರೆ ಗಮನಿಸಿ, ಗಾಳಿ ಬಂದಾಗ ಕೊಂಬೆಯ ಜೊತೆ ತಾನೂ ತೂಗುತ್ತದೆ. ಕಣ್ಣಿನ ಪಾಪೆ ಅಡ್ಡಕ್ಕೆ ಸೀಳಿದ ಹಾಗಿದೆ, ಕಣ್ಣಿನ ಮುಂದೆ ಮೂತಿಯ ಉದ್ದಕ್ಕೂ ಒಂದು ತೋಡು ಇದೆ, ಹೀಗಾಗಿ ಎರಡೂ ಕಣ್ಣಿನಿಂದ ನೇರ ಮುಂದಕ್ಕೆ ನೋಡಬಲ್ಲದು. ಅದು ಕತ್ತು ಉಬ್ಬಿಸಿ, ಹುರುಪೆಗಳ ಸಂದಿಯ ಕಪ್ಪು ಬಿಳಿ ಪಟ್ಟೆ ಕಾಣಿಸಿ, ಬಾಯಿ ತೆರೆದರೆ ಬಹಳ ಜನ ಫೋಟೊಗ್ರಾಫರುಗಳು ಖುಷಿಪಡುತ್ತಾರೆ. ಎಂಥ ಭಂಗಿ ಅನ್ನುತ್ತಾರೆ. ಅದು ಭಂಗಿಯಲ್ಲ, ಹೋಗು ಅಂತ ಹೇಳುತ್ತಿದೆ. ಕೊಂಬೇರಿ ಮೂರ್ಖನ ಮೈಯಲ್ಲಿ ಹುರುಪೆಗಳ ನಡುವಿನ ನೀಲಿ ಕಾಣಿಸಿದರೂ ಅಷ್ಟೇ, ಅದು ಉದ್ವೇಗದಲ್ಲಿದೆ. ಕಣ್ಣು ಹಾಲು ಬೆರೆಸಿದ ನೀಲಿಯಾಗಿದ್ದರೆ ಪೊರೆ ಬಿಡುವ ದಿನ ಹತ್ತಿರ. ಆಗ ಹಾವಿಗೆ ಕಣ್ಣು ಮಂಜು, ಸಿಟ್ಟು ಜಾಸ್ತಿ. ಅಂಥ ಹಾವನ್ನು ಅದರ ಪಾಡಿಗೆ ಬಿಟ್ಟು ಬಂದುಬಿಡಿ.

ಕ್ಯಾಮೆರಾ. ಇರುವ ಫೋನಿನಲ್ಲೇ ಶುರು ಮಾಡಿ. ಹಲ್ಲಿ, ಹುಳ ಹಾವು, ಪೊರೆ, ಮೊಟ್ಟೆ ಇವಕ್ಕೆಲ್ಲ ಫೋನು ಧಾರಾಳ ಸಾಕು. ಎರಡು ಅಥವಾ ಮೂರು ಪಟ್ಟು ಹತ್ತಿರ ತೋರಿಸುವ ಪ್ರತ್ಯೇಕ ಲೆನ್ಸು ಫೋನಿನಲ್ಲಿದ್ದರೆ ಅದನ್ನೇ ಬಳಸಿ, ಅಗಲ ಲೆನ್ಸಿನಲ್ಲಿ ಹತ್ತಿರ ಹೋದರೆ ಮೂತಿ ಉಬ್ಬಿ ಮೈ ಸಣಕಲಾಗಿ ಕಾಣುತ್ತದೆ. ಬೆರಳಿನಲ್ಲಿ ಎಳೆದು ದೊಡ್ಡದು ಮಾಡುವುದನ್ನು ಆಮೇಲೆ ಮನೆಯಲ್ಲಿ ಮಾಡಿದರೂ ಆಯಿತು.

ಬೇರೆ ಕ್ಯಾಮೆರಾ ಇರುವವರಲ್ಲಿ ಒಂದು ವಾದ ಯಾವಾಗಲೂ ಇರುತ್ತದೆ, ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸಾ, ದೂರದಿಂದ ತೆಗೆಯುವ ಟೆಲಿ ಲೆನ್ಸಾ ಅಂತ. 100 ಮಿಲಿಮೀಟರ್ ಮ್ಯಾಕ್ರೊ ಲೆನ್ಸಿನಲ್ಲಿ ಪೂರ್ತಿ ದೊಡ್ಡದಾಗಿ ತೆಗೆಯಬೇಕಾದರೆ ಲೆನ್ಸಿನ ತುದಿಗೂ ಪ್ರಾಣಿಗೂ ನಡುವೆ ಹೆಚ್ಚು ಕಡಿಮೆ 15 ಸೆಂಟಿಮೀಟರ್ ಮಾತ್ರ ಉಳಿಯುತ್ತದೆ. ಗೋಡೆಯ ಹಲ್ಲಿಗೆ ಅದು ನಡೆಯುತ್ತದೆ. ಬಿಸಿಲಿಗೆ ಕೂತ ಓತಿಗೆ ನಡೆಯುವುದಿಲ್ಲ, ಹಾವಿಗಂತೂ ಬೇಡವೇ ಬೇಡ. ನನ್ನನ್ನು ಕೇಳಿದರೆ ಹಕ್ಕಿಗಳಿಗೆ ಬಳಸುವ 300 ಅಥವಾ 400 ಮಿಲಿಮೀಟರ್ ಲೆನ್ಸೇ ಸರೀಸೃಪಗಳಿಗೂ ಮೊದಲ ಲೆನ್ಸು. ಎರಡು ಮೂರು ಮೀಟರ್ ದೂರದಿಂದಲೇ ಓತಿ ಚೌಕಟ್ಟು ತುಂಬುತ್ತದೆ, ಹಿನ್ನೆಲೆ ಮಸುಕಾಗುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಅದು ತನ್ನ ಕೆಲಸ ಮುಂದುವರಿಸುತ್ತದೆ.

ಎತ್ತರ ಸರಿ ಮಾಡಿಕೊಳ್ಳಿ. ನಿಂತು ಕೆಳಗೆ ನೋಡಿ ತೆಗೆದ ಫೋಟೊದಲ್ಲಿ ಹಾವುರಾಣಿ ನೆಲಕ್ಕೆ ಅಂಟಿದ ಪಟ್ಟಿಯ ಹಾಗೆ ಕಾಣುತ್ತದೆ. ಅದರ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿದರೆ ಅದೇ ಹಾವುರಾಣಿಗೆ ಎದೆ, ಕತ್ತು, ನೋಟ ಎಲ್ಲ ಬರುತ್ತದೆ. ಫೋಕಸ್ ಕಣ್ಣಿನ ಮೇಲೆ, ಬೇರೆ ಏನು ಮಸುಕಾದರೂ ನಡೆಯುತ್ತದೆ. ಪಕ್ಕದಿಂದ ತೆಗೆಯುವಾಗ ಕ್ಯಾಮೆರಾ ಪ್ರಾಣಿಯ ಮೈಗೆ ಸಮವಾಗಿ ಇದ್ದರೆ ಮೂತಿಯಿಂದ ಬಾಲದವರೆಗೆ ಚೂಪಾಗಿ ಬರುತ್ತದೆ. ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯ (ಅಪರ್ಚರ್) ಅಳತೆಯನ್ನು ಎಫ್ 8ರ ಆಸುಪಾಸು ಇಡಿ. ತುಂಬ ಹತ್ತಿರದಿಂದ ತೆಗೆಯುವಾಗ ಎಫ್ 11. ಅದಕ್ಕಿಂತ ಬಹಳ ಮುಂದೆ ಹೋದರೆ ಬೆಳಕು ಚದುರಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಶಟರ್ ವೇಗ ಕೂತ ಓತಿಗೆ ಸೆಕೆಂಡಿನ 250ನೇ ಒಂದು ಭಾಗ ಸಾಕು. ಹಾವಿನ ನಾಲಿಗೆ ಹೊರಗಿರುವ ಕ್ಷಣ ಬೇಕಿದ್ದರೆ 1,000ನೇ ಒಂದು ಭಾಗವಾದರೂ ಬೇಕು, ಜೊತೆಗೆ ಒಂದೇ ಸಮ ಹಲವು ಫೋಟೊ ತೆಗೆಯುವ ಮೋಡ್. ನಾಲಿಗೆ ಹೊರಗೆ ಬರುವುದಕ್ಕೆ ಒಂದು ಲಯ ಇದೆ. ನಾಲ್ಕೈದು ಸಲ ಸುಮ್ನೆ ನೋಡಿ, ಆಮೇಲೆ ಬಟನ್ ಒತ್ತಿ.

ಹುರುಪೆಯ ಹೊಳಪು ಒಂದು ತಲೆನೋವು. ಮಧ್ಯಾಹ್ನದ ಬಿಸಿಲಲ್ಲಿ ಕೇರೆ ಹಾವಿನ ಮೈ ತುಂಬ ಬಿಳಿ ಕಲೆಗಳಾಗಿ ಬಣ್ಣವೇ ಹೋಗುತ್ತದೆ. ತೆಳು ಮೋಡದ ಬೆಳಕು ಇದಕ್ಕೆ ಒಳ್ಳೆ ಔಷಧಿ. ಪೋಲರೈಸರ್ ಫಿಲ್ಟರ್ ಇದ್ದರೆ ತಿರುಗಿಸಿ ನೋಡಿ, ಹೊಳಪು ಕಡಿಮೆಯಾಗಿ ಒಳಗಿನ ಬಣ್ಣ ಮೇಲೆ ಬರುತ್ತದೆ.

ರಾತ್ರಿ ಫ್ಲ್ಯಾಶ್ ಬೇಕಾಗುತ್ತದೆ, ಅಲ್ವಾ? ಅದಕ್ಕೆ ಒಂದು ಮಿತಿ ಇರಲಿ. ಹಲ್ಲಿ ವರ್ಗದ ಕಣ್ಣು ಎಂಥದ್ದು ಅಂತ ಗೊತ್ತಾದರೆ ನೀವೇ ಮಿತಿ ಹಾಕಿಕೊಳ್ಳುತ್ತೀರಿ. ಹೆಲ್ಮೆಟ್ ಗೆಕ್ಕೊ ಅನ್ನುವ ಆಫ್ರಿಕಾದ ಒಂದು ಹಲ್ಲಿಯ ಮೇಲೆ 2004ರಲ್ಲಿ ಪ್ರಕಟವಾದ ಅಧ್ಯಯನ ಇದೆ. ನಮಗೆ ಎಲ್ಲವೂ ಬೂದು ಬಣ್ಣವಾಗಿ ಕಾಣುವಷ್ಟು ಮಂದ ಬೆಳಕಿನಲ್ಲೂ ಅದು ಬಣ್ಣಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ. ಬಣ್ಣ ನೋಡುವ ವಿಷಯದಲ್ಲಿ ಅದರ ಕಣ್ಣು ನಮ್ಮದಕ್ಕಿಂತ ಸುಮಾರು 350 ಪಟ್ಟು ಸೂಕ್ಷ್ಮ ಅಂತ ಲೆಕ್ಕ. ರಾತ್ರಿ ಅರಳಿದ ಅಂಥ ಪಾಪೆಯ ಮೇಲೆ ನೇರವಾಗಿ ಫ್ಲ್ಯಾಶ್ ಹೊಡೆಯುತ್ತಲೇ ಇದ್ದರೆ ಹೇಗಿರಬೇಡ. ಫ್ಲ್ಯಾಶಿನ ಮುಂದೆ ಬಟರ್ ಪೇಪರ್ ಅಥವಾ ತೆಳು ಬಿಳಿ ಬಟ್ಟೆ ಕಟ್ಟಿ, ಪಕ್ಕದಿಂದ ಬೆಳಕು ಕೊಡಿ, ಎರಡು ಮೂರು ಫೋಟೊಗೆ ನಿಲ್ಲಿಸಿ. ಬೆಳಕಿನ ಲೆಕ್ಕವನ್ನು ಮೊದಲೇ ಪಕ್ಕದ ಎಲೆಯ ಮೇಲೆ ನೋಡಿಟ್ಟುಕೊಂಡರೆ ಪ್ರಾಣಿಯ ಮೇಲೆ ಪ್ರಯೋಗ ಮಾಡುವುದು ತಪ್ಪುತ್ತದೆ. ಓತಿ ರಾತ್ರಿ ಸಣ್ಣ ಕೊಂಬೆಯ ತುದಿಯಲ್ಲಿ ಮೈ ಪೂರ್ತಿ ತಿಳಿ ಬಣ್ಣ ಮಾಡಿಕೊಂಡು ಮಲಗುತ್ತದೆ. ತುದಿಯಲ್ಲೇ ಯಾಕೆ ಅಂದರೆ ಹಾವು ಹತ್ತಿದರೆ ಕೊಂಬೆ ಅದುರಿ ಎಚ್ಚರ ಆಗುತ್ತದೆ. ಟಾರ್ಚಿನಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ಆ ಕೊಂಬೆಯನ್ನು ಮಾತ್ರ ಮುಟ್ಟಬೇಡಿ.

ವಿಷದ ಹಾವುಗಳ ಬಗ್ಗೆ ನೇರವಾಗಿ ಹೇಳುತ್ತೇನೆ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆ ಅನ್ನುವುದು 2020ರಲ್ಲಿ ಪ್ರಕಟವಾದ ಅಂದಾಜು. ಅವರಲ್ಲಿ ಹೆಚ್ಚಿನವರು ಹಳ್ಳಿಯವರು, ಹೊಲ ಮನೆಯ ಹತ್ತಿರವೇ ಕಚ್ಚಿಸಿಕೊಂಡವರು. ನಾಗರ, ಕಟ್ಟು ಹಾವು, ಕೊಳಕು ಮಂಡಲ, ಉರಿ ಮಂಡಲ ಈ ನಾಲ್ಕೂ ಜನವಸತಿಯ ಹತ್ತಿರ ಇರುತ್ತವೆ. ಆದ್ದರಿಂದ ಯಾವ ಹಾವು ಅಂತ ಖಚಿತವಾಗಿ ಗೊತ್ತಿಲ್ಲದಿದ್ದರೆ ವಿಷದ್ದು ಅಂತಲೇ ಲೆಕ್ಕ. ನಾನು ಮೂರು ಮೀಟರಿಗಿಂತ ಹತ್ತಿರ ಹೋಗುವುದಿಲ್ಲ, ಅದು ಓಡಿಹೋಗುವ ದಾರಿಗೆ ಅಡ್ಡ ನಿಲ್ಲುವುದಿಲ್ಲ. ಸಂಜೆಯ ಮೇಲೆ ಟಾರ್ಚ್ ಮತ್ತು ಪಾದ ಮುಚ್ಚುವ ಬೂಟು ಇಲ್ಲದೆ ಹುಲ್ಲಿಗೆ ಕಾಲಿಡಬೇಡಿ. ಕಾಣದ ಸಂದಿಗೆ ಕೈ ಹಾಕಬೇಡಿ. ಕಣ್ಣು ಕ್ಯಾಮೆರಾದೊಳಗೆ ಇದ್ದಾಗ ಕಾಲ ಬುಡದಲ್ಲಿ ಏನಿದೆ ಅಂತ ಗೊತ್ತಾಗುವುದಿಲ್ಲ, ಜೊತೆಗೆ ಒಬ್ಬರು ಇರಲಿ. ಅಕಸ್ಮಾತ್ ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಕೈ ಕಾಲು ಅಲ್ಲಾಡದ ಹಾಗೆ ಇಟ್ಟು, ಪ್ರತಿವಿಷ ಇರುವ ಆಸ್ಪತ್ರೆಗೆ ತಡಮಾಡದೆ ಹೋಗುವುದೊಂದೇ ದಾರಿ.

ಎಷ್ಟು ಸುಲಭವಾಗಿ ಮೋಸ ಹೋಗುತ್ತೇವೆ ಅನ್ನುವುದಕ್ಕೆ ತೋಳ ಹಾವು, ಕಟ್ಟು ಹಾವು ಇವೆರಡನ್ನು ನೋಡಿ. ಎರಡೂ ರಾತ್ರಿ ಓಡಾಡುತ್ತವೆ, ಎರಡೂ ಮನೆಯೊಳಗೆ ಬರುತ್ತವೆ, ಎರಡಕ್ಕೂ ಗಾಢ ಮೈ ಮೇಲೆ ಬಿಳಿ ಅಡ್ಡ ಪಟ್ಟೆ. ತೋಳ ಹಾವಿಗೆ ವಿಷ ಇಲ್ಲ, ಗೋಡೆ ಹತ್ತಿ ಹಲ್ಲಿ ಹಿಡಿಯುತ್ತದೆ. ಅದರ ಪಟ್ಟೆಗಳು ಕತ್ತಿನ ಹತ್ತಿರ ಸ್ಪಷ್ಟವಾಗಿದ್ದು ಬಾಲದ ಕಡೆಗೆ ಮಾಸುತ್ತಾ ಹೋಗುತ್ತವೆ. ಕಟ್ಟು ಹಾವಿನಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವು. ತಲೆಯ ಹತ್ತಿರ ಪಟ್ಟೆ ಇಲ್ಲ ಅಥವಾ ಮಸುಕು, ಬಾಲದ ಕಡೆಗೆ ಸ್ಪಷ್ಟ, ಸಾಮಾನ್ಯವಾಗಿ ಎರಡೆರಡು ಜೋಡಿಯಾಗಿ. ಪೊರೆಯ ಬಗ್ಗೆ ಹೇಳುವಾಗ ಬಂದ ಆರು ಮೂಲೆಯ ಹುರುಪೆ ಸಾಲೂ ಇದಕ್ಕೇ ಇರುವುದು. ಇದನ್ನೆಲ್ಲ ನೋಡಬೇಕಾದ್ದು ದೂರದಿಂದ ತೆಗೆದ ಫೋಟೊವನ್ನು ಪರದೆಯ ಮೇಲೆ ದೊಡ್ಡದು ಮಾಡಿಕೊಂಡು. ಹಾವಿನ ಪಕ್ಕ ಬಗ್ಗಿ ಕೂತು ನೋಡುವ ವಿಷಯ ಇದಲ್ಲ.

ಇನ್ನೊಂದು ವಿಷಯ ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಫೋಟೊಗೋಸ್ಕರ ಪ್ರಾಣಿಯನ್ನು ಹಿಡಿದು, ಫ್ರಿಜ್ಜಿನಲ್ಲಿಟ್ಟು ಮಂಕು ಮಾಡಿ, ಚೆಂದದ ಹೂವಿನ ಮೇಲೆ ಕೂರಿಸುವವರಿದ್ದಾರೆ. ಹಾವನ್ನು ಹಿಡಿದು ಬಯಲಲ್ಲಿ ಬಿಟ್ಟು, ಹೆಡೆ ಎತ್ತುವವರೆಗೆ ಕೆಣಕುವವರಿದ್ದಾರೆ. ಅಂಥ ಫೋಟೊ ಸುಳ್ಳು ಹೇಳುತ್ತದೆ. ಆ ಓತಿ ಆ ಹೂವಿನ ಮೇಲೆ ಕೂರುವುದೇ ಇಲ್ಲ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಾವು, ಉಡಗಳನ್ನು ಹಿಡಿಯುವುದು, ಇಟ್ಟುಕೊಳ್ಳುವುದು ಅಪರಾಧ ಕೂಡ. ನೀವು ಕಲ್ಲು ಎತ್ತಿ ನೋಡಿದ್ದರೆ ಅದೇ ಜಾಗಕ್ಕೆ, ಅದೇ ಮಗ್ಗುಲಿಗೆ ವಾಪಸ್ ಇಡಿ. ಆ ಕಲ್ಲಿನ ಕೆಳಗಿನ ತೇವ, ಕತ್ತಲು ಕೂಡಿಬರಲು ಬಹಳ ದಿನ ಬೇಕಾಗಿರುತ್ತದೆ. ನಿಜ ಹೇಳಬೇಕೆಂದರೆ ಎತ್ತದೆ ಇದ್ದರೇ ಒಳ್ಳೆಯದು.

ಫೋಟೊ ಹಂಚಿಕೊಳ್ಳುವಾಗ ಜಾಗದ ಹೆಸರು ಹಾಕಬೇಡಿ ಅಂತ ಹೇಳಿದರೆ ಕೆಲವರಿಗೆ ಅತಿ ಅನ್ನಿಸುತ್ತದೆ. 1999ರಲ್ಲಿ ಚೀನಾದ ಒಂದು ಗುಹೆ ಹಲ್ಲಿಯನ್ನು ವಿಜ್ಞಾನಿಗಳು ಹೊಸ ಜಾತಿ ಅಂತ ಪ್ರಕಟಿಸಿದರು, ಅದು ಸಿಕ್ಕ ಜಾಗವನ್ನೂ ಬರೆದರು. ಗೋನಿಯುರೊಸಾರಸ್ ಲುಯೀ ಅಂತ ಅದರ ಹೆಸರು. ಸಾಕುಪ್ರಾಣಿ ಮಾರುವವರು ಅದನ್ನು ಓದಿಕೊಂಡು ಹೋಗಿ ಹಿಡಿದ ರಭಸಕ್ಕೆ ಮೊದಲು ಸಿಕ್ಕ ಜಾಗದಲ್ಲಿ ಅದು ಇಲ್ಲವಾಯಿತು. ನಮ್ಮಲ್ಲಿ ನಕ್ಷತ್ರ ಆಮೆ, ಎರಡು ತಲೆ ಹಾವು ಅಂತ ಕರೆಯುವ ಮಣ್ಣುಮುಕ್ಕ, ಎರಡನ್ನೂ ಕಳ್ಳಸಾಗಣೆ ಮಾಡುವವರಿದ್ದಾರೆ. ನಕ್ಷತ್ರ ಆಮೆಯ ಅಂತರರಾಷ್ಟ್ರೀಯ ವ್ಯಾಪಾರ ತಡೆಯಲು 2019ರಲ್ಲಿ ಅದನ್ನು ಸೈಟಿಸ್ ಅನ್ನುವ, ವನ್ಯಜೀವಿ ವ್ಯಾಪಾರದ ಮೇಲೆ ದೇಶಗಳು ಮಾಡಿಕೊಂಡ ಒಪ್ಪಂದದ ಮೊದಲ ಪಟ್ಟಿಗೆ ಸೇರಿಸಬೇಕಾಯಿತು. ಫೋನಿನ ಫೋಟೊದೊಳಗೆ ಜಾಗದ ಅಕ್ಷಾಂಶ ರೇಖಾಂಶ ಸೇರಿರುತ್ತದೆ, ಕಳಿಸುವ ಮೊದಲು ಅದನ್ನು ತೆಗೆಯಿರಿ.

ಆದರೆ ಫೋಟೊವನ್ನು ಫೋನಿನಲ್ಲೇ ಬಚ್ಚಿಡಬೇಡಿ. ಐನ್ಯಾಚುರಲಿಸ್ಟ್ ಥರದ ದಾಖಲೆ ತಾಣಗಳಲ್ಲಿ ಹಾಕಿ. ಅಪಾಯದಲ್ಲಿರುವ ಜಾತಿಯಾದರೆ ಅಲ್ಲಿ ಜಾಗ ತಾನಾಗಿಯೇ ಮಸುಕಾಗುತ್ತದೆ, ಬೇರೆಯದಕ್ಕೂ ನೀವೇ ಮಸುಕು ಮಾಡಬಹುದು. 2020ರ ಲಾಕ್‌ಡೌನ್ ಸಮಯದಲ್ಲಿ ಹಿಮಾಚಲದ ಚಂಬಾ ಜಿಲ್ಲೆಯ ತನ್ನ ಮನೆಗೆ ಮರಳಿದ್ದ ಒಬ್ಬ ವಿದ್ಯಾರ್ಥಿ ಮನೆಯ ಹತ್ತಿರ ಕಂಡ ಹಾವಿನ ಫೋಟೊವನ್ನು ಇನ್‌ಸ್ಟಾಗ್ರಾಂಗೆ ಹಾಕಿದರು. ಹಾವುಗಳ ಮೇಲೆ ಕೆಲಸ ಮಾಡುವ ಒಬ್ಬ ಸಂಶೋಧಕರ ಕಣ್ಣಿಗೆ ಅದು ಬಿತ್ತು. ಮುಂದಿನ ವರ್ಷ, 2021ರ ಡಿಸೆಂಬರ್‌ನಲ್ಲಿ, ಅದು ವಿಜ್ಞಾನಕ್ಕೆ ಹೊಸ ಜಾತಿ ಅಂತ ಪ್ರಕಟವಾಯಿತು. ಚುರಾಹ್ ಕುಕ್ರಿ ಹಾವು ಅನ್ನುತ್ತಾರೆ. ಮನೆ ಹತ್ತಿರ ಏನಿರುತ್ತೆ ಬಿಡಿ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಗುರುತಿಸಲು ಒಂದೇ ಚೆಂದದ ಫೋಟೊ ಸಾಲದು. ಮೈ ಪೂರ್ತಿ ಬಂದದ್ದು ಒಂದು, ತಲೆಯ ಪಕ್ಕದ್ದು ಒಂದು, ಸಾಧ್ಯವಾದರೆ ತಲೆಯ ಮೇಲ್ಭಾಗ, ಮೈಯ ನಡುಭಾಗದ ಹುರುಪೆ ಸಾಲು. ಹಲ್ಲಿಯಾದರೆ ಬೆರಳುಗಳ ಅಡಿಭಾಗವೂ ಬೇಕಾಗುತ್ತದೆ, ಕಿಟಕಿ ಗಾಜಿನ ಮೇಲೆ ಕೂತಾಗ ಒಳಗಿನಿಂದ ತೆಗೆದುಬಿಡಿ, ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಅದರ ಜೊತೆಗೆ ತಾರೀಖು, ಹೊತ್ತು, ಬಿಸಿಲೋ ಮೋಡವೋ, ಅದು ಏನು ಮಾಡುತ್ತಿತ್ತು, ಇಷ್ಟು ಬರೆದಿಡಿ. 2022ರಲ್ಲಿ ಜಗತ್ತಿನ 10,196 ಸರೀಸೃಪ ಜಾತಿಗಳ ಸ್ಥಿತಿ ನೋಡಿದಾಗ ಐದರಲ್ಲಿ ಒಂದಕ್ಕಿಂತ ಜಾಸ್ತಿ ಅಳಿವಿನ ಅಂಚಿನ ಕಡೆಗೆ ಸಾಗುತ್ತಿವೆ ಅಂತ ತಿಳಿಯಿತು. ಬಹಳಷ್ಟು ಜಾತಿಗಳ ಬಗ್ಗೆ ಲೆಕ್ಕ ಹಾಕುವಷ್ಟು ಮಾಹಿತಿಯೇ ಇರಲಿಲ್ಲ. ಮಾಮೂಲಿ ಓತಿ ಅಂತ ಬಿಡಬೇಡಿ. ಇವತ್ತು ಮಾಮೂಲಿ ಅಂತ ಯಾರೂ ಬರೆದಿಡದಿದ್ದರೆ, ಮುಂದೆ ಅದು ಕಡಿಮೆಯಾದಾಗ ಎಷ್ಟು ಕಡಿಮೆಯಾಯಿತು ಅಂತ ಹೇಳಲು ಯಾರ ಹತ್ತಿರವೂ ಏನೂ ಇರುವುದಿಲ್ಲ.

ಕೊನೆಗೆ ಒಬ್ಬರು ಕೇಳಿದ ಪ್ರಶ್ನೆ: ಇಷ್ಟೆಲ್ಲ ಸರಿ, ಹಾವು ಮನೆಯೊಳಗೇ ಬಂದರೆ ಫೋಟೊ ತೆಗೆಯುವುದಾ, ಓಡಿಸುವುದಾ? ಮೊದಲು ಮಕ್ಕಳನ್ನು, ನಾಯಿ ಬೆಕ್ಕನ್ನು ಆ ಕೋಣೆಯಿಂದ ಹೊರಗೆ ಕಳಿಸಿ. ಹೊರಗಿನ ಬಾಗಿಲು ತೆರೆದಿಟ್ಟು, ಒಳಗಿನ ಬಾಗಿಲ ಸಂದಿಗೆ ಬಟ್ಟೆ ತುರುಕಿ. ಅರಣ್ಯ ಇಲಾಖೆಗೋ, ಅನುಮತಿ ಇರುವ ಹಾವು ರಕ್ಷಕರಿಗೋ ಫೋನ್ ಮಾಡಿ. ಅವರು ಬರುವವರೆಗೆ ಒಬ್ಬರು ದೂರದಿಂದ ಹಾವಿನ ಮೇಲೆ ಕಣ್ಣಿಟ್ಟಿರಬೇಕು, ಕಣ್ತಪ್ಪಿದರೆ ಇಡೀ ಮನೆ ಹುಡುಕಬೇಕಾಗುತ್ತದೆ. ಆ ನಿಂತ ಜಾಗದಿಂದಲೇ ಫೋನಿನಲ್ಲಿ ಒಂದೆರಡು ಫೋಟೊ ತೆಗೆದು ರಕ್ಷಕರಿಗೆ ಕಳಿಸಿ. ಪಟ್ಟೆ ಕಾಣುವಷ್ಟು ಸ್ಪಷ್ಟವಿದ್ದರೆ ಸಾಕು, ಯಾವ ಹಾವು ಅಂತ ತಿಳಿದುಕೊಂಡೇ ಅವರು ಹೊರಡುತ್ತಾರೆ.